ಪಿಕಪ್-ಅಯಸ್ಕಾಂತ ಮೀಮಾಂಸೆ

ವಿಷಯ: ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅದರ ಅಯಸ್ಕಾಂತವು ಉಕ್ಕಿನ ತಂತಿಗೆ ಕಾಂತತ್ವ ಕೊಡುತ್ತದೆ. ತಂತಿ ಕಂಪಿಸಿದರೆ ಒಳಗಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಷ್ಟು ಭೌತಶಾಸ್ತ್ರ. ಉಳಿದದ್ದೆಲ್ಲ, ಅಂದರೆ ಯಾವ ಅಯಸ್ಕಾಂತ ಹಾಕಿದರೆ ಯಾವ ನಾದ ಎಂಬುದೆಲ್ಲ, ಧರ್ಮಶಾಸ್ತ್ರ.

ಅಧಿಕಾರಿ: ಗಿಟಾರು, ಆಂಪ್ಲಿಫೈಯರು, ಪೆಡಲುಗಳನ್ನೆಲ್ಲ ಬದಲಿಸಿ ಮುಗಿಸಿ, ಬೆರಳುಗಳನ್ನು ಮಾತ್ರ ಬದಲಿಸಲಾಗದೆ ಉಳಿದವನು. ದಿನಾ ಸಾಧನೆ ಮಾಡುವವನಿಗೆ ಇಲ್ಲಿ ಪ್ರವೇಶವಿಲ್ಲ. ಅವನಿಗೆ ಪುರುಸೊತ್ತೂ ಇಲ್ಲ.

ಸೂತ್ರ 1: ಎರಡು ಮೃದು, ಐದು ಖಡಕ್ಕು, ಸೆರಾಮಿಕ್ಕು ಉಗ್ರ.
ವೃತ್ತಿ: ಎರಡು, ಐದು ಎಂಬವು ಆಲ್ನಿಕೊ ಅಯಸ್ಕಾಂತದ ದರ್ಜೆಗಳು; ಸೆರಾಮಿಕ್ಕು ಬೇರೆ ಜಾತಿಯ ಅಯಸ್ಕಾಂತ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳು ಕಬ್ಬಿಣದೊಡನೆ ಬೆರೆತರೆ ಆಲ್ನಿಕೊ. ಎರಡನೆಯದರ ಬಲ ಕಡಿಮೆ, ದನಿ ಮೆತ್ತಗೆ. ಐದನೆಯದರಲ್ಲಿ ಮಂದ್ರ ಬಿಗಿ, ತಾರ ಚುರುಕು. ಮೂರನೆಯದರಲ್ಲಿ ಕೋಬಾಲ್ಟೇ ಇಲ್ಲ. ಆದರೂ ಯಾರೂ ಅದನ್ನು ಕುಲದಿಂದ ಹೊರಗೆ ಹಾಕಿಲ್ಲ.

ಪೂರ್ವಪಕ್ಷ: 'ಗಿಬ್ಸನ್ ಕಂಪನಿಯ ಹಳೆಯ ಹಂಬಕರ್ ಪಿಕಪ್ಪುಗಳ ದಿವ್ಯನಾದಕ್ಕೆ ಒಂದು ನಿರ್ದಿಷ್ಟ ಅಯಸ್ಕಾಂತವೇ ಕಾರಣ.'
ಸಮಾಧಾನ: 1955ರಲ್ಲಿ ಆ ಹಂಬಕರಿನ ಪೇಟೆಂಟಿಗೆ ಅರ್ಜಿ ಹಾಕಿದ ಗಿಬ್ಸನ್ನಿನ ಸೇತ್ ಲವರ್‌ಗೆ ಬೇಕಿದ್ದದ್ದು ಗುಂಯ್‌ಗುಡುವ ಹಮ್ಮಿನಿಂದ ಮುಕ್ತಿ. ಆ ಕಾಲದ ಕಾರ್ಖಾನೆಯಲ್ಲಿ ಕೈಗೆ ಸಿಕ್ಕಿದ ಆಲ್ನಿಕೊ ಪಟ್ಟಿಯೇ ಒಳಗೆ ಹೋಯಿತು. ಅವರು ನೋಡದೆ ಹಾಕಿದ್ದನ್ನು ನಾವು ಮುಹೂರ್ತ ನೋಡಿ ಹಾಕಬೇಕೆಂಬುದೇ ಸಂಪ್ರದಾಯ.

ವಿಧಿ: ಹಂಬಕರಿನ ಅಯಸ್ಕಾಂತ ಬದಲಿಸಲು ತಂತಿಗಳನ್ನು ಸಡಿಲಿಸಿ, ಪಿಕಪ್ ಎತ್ತಿ, ಮುಚ್ಚಳವಿದ್ದರೆ ಅದರ ಬೆಸುಗೆ ಬಿಡಿಸಬೇಕು. ಅಡಿತಟ್ಟೆಯ ನಾಲ್ಕು ಸ್ಕ್ರೂ ಸಡಿಲಿಸಿ ಹಳೆಯ ಪಟ್ಟಿಯನ್ನು ಜಾರಿಸಿ, ಹೊಸದನ್ನು ಅದೇ ದಿಕ್ಕಿಗೆ ತೂರಿಸಬೇಕು.
ನಿಷೇಧ: ಹಳೆಯ ಮಾದರಿಯ ಸ್ಟ್ರಾಟೊಕಾಸ್ಟರ್ ಗಿಟಾರಿನ ಪಿಕಪ್ಪನ್ನು ಮುಟ್ಟಕೂಡದು. ಅಲ್ಲಿ ಅಯಸ್ಕಾಂತದ ಕಡ್ಡಿಗಳ ಮೇಲೆಯೇ ಕೂದಲೆಳೆಯಂಥ ತಾಮ್ರ ಸುತ್ತಿರುತ್ತದೆ. ಕಡ್ಡಿ ತಳ್ಳಿದರೆ ಎಳೆ ಕಡಿದು ಮೌನಸಿದ್ಧಿ.

ಸೂತ್ರ 2: ಪ್ರಸಿದ್ಧನದು ತಿರುಗಿದರೆ ನಾದ, ನಮ್ಮದು ತಿರುಗಿದರೆ ರಿಪೇರಿ.
ವೃತ್ತಿ: ಒಂದು ಪಿಕಪ್ಪಿನ ಅಯಸ್ಕಾಂತದ ಪಟ್ಟಿ ತಿರುಗುಮುರುಗಾದರೆ, ಎರಡು ಪಿಕಪ್ ಒಟ್ಟಿಗೆ ನುಡಿಯುವಾಗ ಮಂದ್ರವು ಬಹುಪಾಲು ರದ್ದಾಗಿ ಮೂಗಿನ ದನಿ ಹೊರಡುತ್ತದೆ. ಗಿಟಾರ್ ವಾದಕ ಪೀಟರ್ ಗ್ರೀನ್‌ನ 1959ರ ಲೆಸ್ ಪಾಲ್ ಗಿಟಾರಿನಲ್ಲಿ ಆದದ್ದೂ ಇದೇ. ಆ ದೋಷವನ್ನು, ಗಿಟಾರು ತಮ್ಮ ಕೈಗೆ ಬಂದ ಮೇಲೆ, ಗ್ಯಾರಿ ಮೂರ್, ಆಮೇಲೆ ಕರ್ಕ್ ಹ್ಯಾಮೆಟ್ ಜೋಪಾನವಾಗಿ ಉಳಿಸಿಕೊಂಡರು.

ಪ್ರಮಾಣ ವಿಚಾರ: ಹೊಸ ಅಯಸ್ಕಾಂತ ಕೂರುವಷ್ಟರಲ್ಲಿ ತಂತಿಗಳೂ ಹೊಸವು, ಪಿಕಪ್ಪಿನ ಎತ್ತರವೂ ಬೇರೆ, ಹಳೆಯ ನಾದ ಬರೀ ನೆನಪು. ಹಾಗಿದ್ದರೆ ಬದಲಾವಣೆಗೆ ಕಾರಣ ಯಾವುದು? ಯಾವುದಕ್ಕೆ ಹೆಚ್ಚು ದುಡ್ಡು ಕೊಟ್ಟೆವೋ ಅದೇ ಕಾರಣ. ಅಕ್ಕಪಕ್ಕದ ಎರಡು ಸ್ಕ್ರೂ ತಿರುಗಿಸಿ ಪಿಕಪ್ಪನ್ನು ಏರಿಸಿ ಇಳಿಸಿದರೂ ನಾದ ಚೆನ್ನಾಗಿಯೇ ಬದಲಾಗುತ್ತದೆ. ಆದರೆ ಅದಕ್ಕೆ ಖರ್ಚಿಲ್ಲವಾದ್ದರಿಂದ ಅಶಾಸ್ತ್ರೀಯ.

ಫಲಶ್ರುತಿ: ಇದನ್ನು ಪಠಿಸಿದವರಿಗೆ ಎರಡರಿಂದ ಮಾಧುರ್ಯ, ಐದರಿಂದ ಸ್ಪಷ್ಟತೆ, ಸೆರಾಮಿಕ್ಕಿನಿಂದ ನೆರೆಮನೆಯವರ ದ್ವೇಷ ಪ್ರಾಪ್ತಿಯಾಗುವುದು. ಎಲ್ಲವನ್ನೂ ಹಾಕಿ ನೋಡಿ, ಕಾರ್ಖಾನೆಯದನ್ನೇ ಮರಳಿ ಕೂರಿಸಿ, 'ಈಗ ಸರಿಯಾಯಿತು' ಎಂದವರಿಗೆ ಮೋಕ್ಷ.