ಪಾಲಿಸಿ ಎರಡು, ಜವಾನ ಒಬ್ಬ

ಬೆಳೆಸಾಲ ಕೇಳಲು ಅಮ್ಮಿನಬಾವಿಯಿಂದ ಧಾರವಾಡದ ಬ್ಯಾಂಕಿಗೆ ಹೋದ ರೈತನ ಕೈಗೆ ಸಾಲದ ಜೊತೆ ಒಂದು ಆರೋಗ್ಯ ವಿಮೆಯನ್ನೂ ತುರುಕಿ ಕಳಿಸುತ್ತಾರೆ. ಮಗ ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ಅಲ್ಲಿಯ ಗುಂಪು ವಿಮೆಯಲ್ಲಿ ಅಪ್ಪ-ಅವ್ವನ ಹೆಸರು ಆಗಲೇ ಇದೆ ಎಂದರೂ ಬಿಡುವುದಿಲ್ಲ. "ಒಂದಕ್ಕ ಎರಡ ಇದ್ರ ಛಲೋ ಅಲ್ರಿ ಕಾಕಾ!"

ಛಲೋನೇ. ಎದೆ ನೋಯುವವರೆಗೆ.

ಬೈಪಾಸ್ ಆಯಿತು ಎನ್ನಿ. ಬಿಲ್ಲು 6 ಲಕ್ಷ. ಮಗನ ಕಡೆಯ ವಿಮೆ 4 ಲಕ್ಷ, ಅಪ್ಪನದು 3 ಲಕ್ಷ. ಕನ್ನಡ ಸಾಲಿ ಹುಡುಗನಿಗೂ ಬರುವ ಲೆಕ್ಕ. ವಿಮಾ ಕಂಪನಿಗಳಿಗೆ ಬರುವುದಿಲ್ಲ. "ನಿಮ್ಮ ಸ್ವಂತ ಪಾಲಿಸಿ ಇದೆಯಲ್ಲ, ಮೊದಲು ಅಲ್ಲಿ ಕೇಳಿ" ಎನ್ನುತ್ತದೆ ಒಂದು. "ಕಂಪನಿಯ ವಿಮೆ ಮುಗಿಸಿಕೊಂಡು ಬನ್ನಿ" ಎನ್ನುತ್ತದೆ ಇನ್ನೊಂದು, ಅದೂ ಹಿಂದಿಯಲ್ಲಿ. ಕಂತು ಕಟ್ಟಿಸಿಕೊಳ್ಳುವಾಗ ಮಾತ್ರ "ಮೊದಲು ಅವರಿಗೆ ಕಟ್ಟಿ ಬನ್ನಿ" ಎಂದು ಯಾರೂ ಹೇಳಿದ್ದಿಲ್ಲ.

ಆಮೇಲೆ ಅಸಲು ಬಿಲ್ಲಿನ ಪುರಾಣ. ಮೊದಲನೆಯವರು ಅಸಲು ಬಿಲ್ಲನ್ನೇ ಇಟ್ಟುಕೊಳ್ಳುತ್ತಾರೆ. ಎರಡನೆಯವರಿಗೂ ಅಸಲೇ ಬೇಕು. ಮೊದಲನೆಯವರ ಸೆಟ್ಲ್‌ಮೆಂಟ್ ಪತ್ರ, ದೃಢೀಕರಿಸಿದ ನಕಲು ಸಾಕಲ್ಲವೇ ಎಂದರೆ, ಸಾಕು. ಆದರೆ ನಕಲಿನ ಮೇಲೆ ಸಿಕ್ಕಾ ಬಿದ್ದಿಲ್ಲ. ಸಿಕ್ಕಾ ಬಿದ್ದರೆ ಸಹಿ ಇಲ್ಲ. ಸಹಿ ಇದ್ದರೆ ಔಷಧ ಅಂಗಡಿಯ ಒಂದು ಚೀಟಿ ಇಲ್ಲ. ಎದೆಗೆ ಹೊಲಿಗೆ ಹಾಕಿಸಿಕೊಂಡವನ ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಓಡಾಡಬೇಕು. ಎರಡು ಕಂಪನಿಗಳಿಗೆ ಒಬ್ಬನೇ ಜವಾನ. ಸಂಬಳವೂ ಅವನೇ ಕೊಡುತ್ತಾನೆ, ಕಂತಿನ ರೂಪದಲ್ಲಿ.

ಇದಕ್ಕಿಂತ ಸೋಜಿಗ ಬಿಪಿಯದು. ಡಿಸ್ಚಾರ್ಜ್ ಸಾರಾಂಶದಲ್ಲಿ ಡಾಕ್ಟರು "ಬಿಪಿ ಇದೆ" ಎಂದು ಬರೆದಿರುತ್ತಾರೆ. ಒಂದು ಕಂಪನಿಗೆ ಅದು ಲೆಕ್ಕಕ್ಕಿಲ್ಲ. ಇನ್ನೊಂದಕ್ಕೆ ಅದೇ ಮುಚ್ಚಿಟ್ಟ ಹಳೇ ರೋಗ. ಹೃದಯ ಒಂದೇ, ಕಾಗದ ಒಂದೇ, ರೋಗದ ವಯಸ್ಸು ಮಾತ್ರ ಬೇರೆ ಬೇರೆ.

ನಿಯಮ ಇಲ್ಲವೇ? ಇದೆ. 2013ರಲ್ಲೇ ವಿಮಾ ನಿಯಂತ್ರಣ ಪ್ರಾಧಿಕಾರ, ಯಾವ ಪಾಲಿಸಿಯಿಂದ ಮೊದಲು ಕ್ಲೇಮ್ ಮಾಡಬೇಕು ಎಂಬ ಆಯ್ಕೆಯನ್ನು ಗ್ರಾಹಕನಿಗೇ ಬಿಟ್ಟಿತು. 2024ರ ಮೇ 29ರ ಸುತ್ತೋಲೆ ಇನ್ನೂ ಸ್ಪಷ್ಟ: ಮೊದಲು ಕ್ಲೇಮ್ ಸಲ್ಲಿಸಿದ ಕಂಪನಿಯೇ ಇನ್ನೊಂದರ ಜೊತೆ ಮಾತಾಡಿ ಬಾಕಿ ಹಣ ಕೊಡಿಸಬೇಕು. ನಗದುರಹಿತ ಚಿಕಿತ್ಸೆಗೆ 1 ಗಂಟೆಯಲ್ಲಿ ಉತ್ತರ, ಡಿಸ್ಚಾರ್ಜ್‌ಗೆ 3 ಗಂಟೆಯಲ್ಲಿ ಒಪ್ಪಿಗೆ ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಪಾಲಿಸಿ ಮಾರುವಾಗ ಬಣ್ಣದ ಕರಪತ್ರ ಹಂಚುವವರಿಗೆ ಈ ನಾಲ್ಕು ಸಾಲು ಅಚ್ಚು ಹಾಕಿಸಲು ಕಾಗದ ಸಿಗಲಿಲ್ಲ.

ಮಲಪ್ರಭೆಯ ನೀರು ಸವದತ್ತಿಯಿಂದ ಅಮ್ಮಿನಬಾವಿಗೆ ಬಂದು, ಇಲ್ಲಿ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹರಿಯುತ್ತದೆ. ನಡುವಿನ ಊರವರು ಯಾರೂ ಕೊಡ ಹೊತ್ತು ದಾಟಿಸಬೇಕಿಲ್ಲ. ಕಂಪ್ಯೂಟರಿನಲ್ಲಿ ಮುಳುಗಿರುವ ಎರಡು ಕಂಪನಿಗಳ ನಡುವೆ ಒಂದು ಬಿಲ್ಲು ದಾಟಲು ಮಾತ್ರ ರೋಗಿಯೇ ತಲೆಯ ಮೇಲೆ ಹೊರಬೇಕು.

ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ಕಾಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ ಬಿಡಿ.

ಅಷ್ಟು ದೂರ ಯಾಕೆ, ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಟ್ಟಿದ ಕಂತು 5 ಲಕ್ಷ ಮೀರದಿದ್ದರೆ ದೂರಿಗೆ ಅಲ್ಲೂ ಶುಲ್ಕವಿಲ್ಲ. ಕಾಕಾ, ಇನ್ನು ಆ ಎರಡು ಕಂಪನಿಗಳ ಕಚೇರಿ ಮೆಟ್ಟಿಲು ಸವೆಸಬೇಡಿ. ಒಂದೇ ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಯಾರು ಮೊದಲು ಕೊಡಬೇಕು ಎಂದು ಅಲ್ಲಿ ಅವರವರೇ ಬಡಿದಾಡಲಿ.