ಶಾರ್ಟ್‌ಕಟ್ ರಾಯರು

“ಎಡಕ್ಕೆ ತಗೊಳ್ಳೋಣ್ವಾ?”

ಈ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಹೊಟ್ಟೆಯೊಳಗೆ ಏನೋ ಕಲಸಿದಂತಾಗುತ್ತದೆ. ಕೇಳುವ ಧಾಟಿಯಲ್ಲಿದೆಯೆಂದು ಇದನ್ನು ಪ್ರಶ್ನೆ ಎಂದುಕೊಳ್ಳಬೇಡಿ. ರಾಯರು ‘ವಾ’ಕ್ಕೆ ಬರುವಷ್ಟರಲ್ಲಿ ಅವರ ಹಳೇ ಮಾರುತಿ ಎಡಕ್ಕೆ ತಿರುಗಿ, ಎರಡು ಮನೆ ದಾಟಿ, ಮೂರನೆಯವರ ಕಾಂಪೌಂಡಿನಿಂದ ಹೊರಚಾಚಿದ ಕಾಗದದ ಹೂವಿನ ಬಳ್ಳಿಗೆ ಕನ್ನಡಿ ಉಜ್ಜುತ್ತಿರುತ್ತದೆ. ಆಮೇಲೆ ನಾನು “ಬೇಡ ರಾಯರೇ, ನೇರ ಹೋಗೋಣ” ಎಂದರೆ, “ನೇರ ಹೋಗೋದಕ್ಕೆ ನಾನ್ಯಾಕೆ ಸ್ವಾಮಿ, ಬಸ್ಸಿಲ್ವಾ?” ಎನ್ನುತ್ತಾರೆ.

ಇಂಥವರು ನಿಮ್ಮ ಆಫೀಸಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಊರಲ್ಲಿ ಯಾವ ರಸ್ತೆ ಅಗೆದರೂ ಇವರ ಮುಖಕ್ಕೊಂದು ಕಳೆ ಬರುತ್ತದೆ. ಉಳಿದವರು ತಲೆಯ ಮೇಲೆ ಕೈಹೊತ್ತು ಕೂತಿದ್ದರೆ ಇವರು ಕಾಫಿ ಲೋಟ ಕೆಳಗಿಟ್ಟು, ಮೇಜಿನ ಮೇಲೆ ಚೆಲ್ಲಿದ ಹನಿಯಲ್ಲಿ ಬೆರಳಾಡಿಸಿ ನಕ್ಷೆ ಬರೆಯುತ್ತಾರೆ. ನಮ್ಮವರ ನಿಜವಾದ ಹೆಸರು ಬೇಡ. ಆಫೀಸಿನವರೆಲ್ಲ ಕರೆಯುವುದು ಶಾರ್ಟ್‌ಕಟ್ ರಾಯರು ಎಂದೇ. ಅವರಿಗೂ ಅದು ಗೊತ್ತು. ಬಿರುದು ಎಂದುಕೊಂಡಿದ್ದಾರೆ.

ನಮ್ಮಿಬ್ಬರ ಮನೆ ರಾಗಿಗುಡ್ಡದ ಆಸುಪಾಸಿನಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ನಡುವೆ ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ. ಈ ನಾಲ್ಕು ಹೆಸರನ್ನು ಒಂದೇ ಉಸಿರಿಗೆ ಹೇಳಿದರೆ ಬೆಂಗಳೂರಿನವರು ಮರುಮಾತಾಡದೆ ಒಂದು ಲೋಟ ನೀರು ತಂದುಕೊಡುತ್ತಾರೆ. ಮೆಟ್ರೊ ಹಳದಿ ಮಾರ್ಗದ ಕಂಬಗಳು ಏಳುತ್ತಿದ್ದ ವರ್ಷಗಳವು. ರಸ್ತೆಯ ನಡುವೆ ತಗಡಿನ ಬೇಲಿ, ಬೇಲಿಯ ಆಚೆ ಕೆಲಸ, ಈಚೆ ನಾವು. 2020ರ ಜನವರಿಯಲ್ಲಿ ಜಯದೇವದ ಮೇಲ್ಸೇತುವೆಯನ್ನೇ ಒಡೆಯಲು ಶುರುಮಾಡಿದರು. ಎರಡು ಮೆಟ್ರೊ ಮಾರ್ಗಗಳು ಅಲ್ಲಿ ಒಂದರ ಮೇಲೊಂದು ಹಾಯಬೇಕಿತ್ತು. ಜಾಮು ತಪ್ಪಿಸಲೆಂದು ಕಟ್ಟಿದ ಸೇತುವೆಯನ್ನು ಜಾಮು ತಪ್ಪಿಸಲೆಂದೇ ಒಡೆಯುವುದನ್ನು, ಅದರಿಂದಾದ ಜಾಮಿನಲ್ಲಿ ಕೂತು ನೋಡುವ ಭಾಗ್ಯ ನಮ್ಮದಾಯಿತು. ರಾಗಿಯ ರಾಶಿಯೊಂದು ಕಲ್ಲಾಗಿ ರಾಗಿಗುಡ್ಡವಾಯಿತು ಎಂದು ಸ್ಥಳಪುರಾಣ ಹೇಳುತ್ತದೆ. ಬೆಳಗ್ಗೆ ಎಂಟೂವರೆಗೆ ಮಾರೇನಹಳ್ಳಿ ರಸ್ತೆಯಲ್ಲಿ ನಿಂತ ಕಾರುಗಳನ್ನು ನೋಡಿದ ಮೇಲೆ ನನಗೆ ಆ ಕಥೆಯಲ್ಲಿ ನಂಬಲಾಗದ್ದೇನೂ ಕಾಣುವುದಿಲ್ಲ.

ರಾಯರು ಜಾಮನ್ನು ನಿಮಿಷದಲ್ಲಿ ಅಳೆಯುವವರಲ್ಲ. ಗಾಡಿ ಹೊರಟ ಕೂಡಲೇ ವಿಷ್ಣು ಸಹಸ್ರನಾಮ ಹಾಕುತ್ತಾರೆ. “ಫಲಶ್ರುತಿಗೆಲ್ಲ ಸಿಲ್ಕ್ ಬೋರ್ಡ್ ಮುಟ್ಟಿಬಿಟ್ವಿ” ಎಂದರೆ ಅದು ಒಳ್ಳೆಯ ದಿನ. ಒಮ್ಮೆ ಮಳೆಗಾಲದಲ್ಲಿ ಮೂರನೆಯ ಸುತ್ತು ಉಡುಪಿ ಗಾರ್ಡನ್ ಸಿಗ್ನಲ್ಲಿನಲ್ಲೇ ಶುರುವಾಯಿತು. ಎರಡು ಸಾವಿರ ನಾಮಕ್ಕೆ ಅಷ್ಟು ದೂರ. ಪುಣ್ಯದ ಲೆಕ್ಕದಲ್ಲಿ ಮೈಲೇಜು ಚೆನ್ನಾಗಿದೆ ಎಂದು ರಾಯರು ಸಮಾಧಾನ ಹೇಳಿದರು. ಕಾಮಗಾರಿಯ ಹಂತಗಳೂ ಅವರಿಗೆ ಷೋಡಶ ಸಂಸ್ಕಾರಗಳಷ್ಟೇ ಬಾಯಿಪಾಠ. ಪೈಲಿಂಗು, ಪೈಲ್ ಕ್ಯಾಪು, ಅದರ ಮೇಲೆ ಕಂಬ, ಕಂಬಕ್ಕೆ ಟೋಪಿ, ಆಮೇಲೆ ಗರ್ಡರು. ನೆತ್ತಿಯ ಮೇಲೆ ಕಬ್ಬಿಣದ ಸರಳು ಕೆದರಿಕೊಂಡು ನಿಂತ ಕಂಬ ಕಂಡರೆ “ಇದಕ್ಕಿನ್ನೂ ಚೌಲ ಆಗಿಲ್ಲ” ಎನ್ನುವರು. ಒಂದು ಕಂಬ ಹಾಗೆಯೇ ಬಹಳ ಕಾಲ ನಿಂತಿತ್ತು. ದಿನಾ ಅದರ ಮುಂದೆ ಹಾಯುವಾಗ ರಾಯರು ಸ್ವಂತ ಮೊಮ್ಮಗನ ಬಗ್ಗೆ ಕೊರಗುವಂತೆ “ಪಾಪ, ವಯಸ್ಸಾಗ್ತಾ ಬಂತು” ಎನ್ನುತ್ತಿದ್ದರು.

ಇನ್ನು ಟೋಲು. ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ 2010ರಿಂದಲೂ ಇದೆ. ದುಡ್ಡು ಕೊಟ್ಟರೆ ಗಾಳಿಯಲ್ಲಿ ತೇಲಿದಂತೆ ಹೋಗಬಹುದು. ರಾಯರು ಹತ್ತುವುದಿಲ್ಲ. ಜಿಪುಣತನ ಎಂದು ಮೊದಲು ಅಂದುಕೊಂಡಿದ್ದೆ. ಅಲ್ಲ, ಅದು ಅಭಿಮಾನದ ಪ್ರಶ್ನೆ. ದುಡ್ಡು ಕೊಟ್ಟು ಹೋಗುವವರು ದಾರಿ ಗೊತ್ತಿಲ್ಲದವರು.

ಅವರ ಎಲ್ಲ ದಾರಿಗಳನ್ನೂ ವರ್ಣಿಸಿ ನಿಮ್ಮನ್ನು ಸುತ್ತಾಡಿಸುವುದಿಲ್ಲ. ಆದರೆ ಛತ್ರದ ದಾರಿಯ ಕಥೆ ಹೇಳದೆ ನನಗೆ ನಿದ್ದೆ ಬರುವುದಿಲ್ಲ.

ಅವತ್ತು ಹತ್ತು ಗಂಟೆಗೆ ಮೀಟಿಂಗು. ಮುಂಬಯಿಯಿಂದ ದೊಡ್ಡವರು ಬಂದಿದ್ದರು, ಅವರ ಮುಂದೆ ಮಾತಾಡಬೇಕಾದವನು ನಾನು. ಹೊಸ ಅಂಗಿ ತೊಟ್ಟು ಏಳೂ ಮುಕ್ಕಾಲಿಗೆಲ್ಲ ಕಾರಿನಲ್ಲಿ ಕೂತೆ. “ಇವತ್ತೊಂದು ದಿನ ಮೇನ್ ರೋಡಲ್ಲೇ ಹೋಗೋಣ ರಾಯರೇ” ಎಂದು ಕೈ ಮುಗಿದೆ. ಅವರು ಅಷ್ಟೇ ವಿನಯದಿಂದ ಕೇಳಿಸಿಕೊಂಡು ಬಿಳೇಕಹಳ್ಳಿಗೆ ಇಳಿಸಿದರು. ಅಲ್ಲಿಂದ ದೇವರಚಿಕ್ಕನಹಳ್ಳಿ, ಕೋಡಿಚಿಕ್ಕನಹಳ್ಳಿ ಮೇಲೆ ಬೊಮ್ಮನಹಳ್ಳಿ, ಇಪ್ಪತ್ತೇ ನಿಮಿಷ. ಮೊದಲನೆಯ ಬೀದಿಯಲ್ಲಿ ತಾರಸಿ ಹಾಕಿಸುತ್ತಿದ್ದರು, ಕಾಂಕ್ರೀಟ್ ಮಿಕ್ಸರು ಅಡ್ಡ ನಿಂತಿತ್ತು. ಎರಡನೆಯದರಲ್ಲಿ ಪೈಪಿಗೆಂದು ಚರಂಡಿ ತೋಡಿದ್ದರು. ಮೂರನೆಯದರಲ್ಲಿ ರಸ್ತೆಯ ಅಗಲಕ್ಕೂ ಪೆಂಡಾಲು, ಪೆಂಡಾಲಿನಲ್ಲಿ ಅಣ್ಣಮ್ಮ ದೇವಿ. ರಾಯರು ಇಳಿದು ಕೈಮುಗಿದು, ತೀರ್ಥ ತೆಗೆದುಕೊಂಡು, ನನಗೂ ಹೂವು ತಂದುಕೊಟ್ಟು, ಆಮೇಲೆ ರಿವರ್ಸ್ ಹಾಕಿದರು.

“ಚಿಂತೆ ಬೇಡ. ಒಂದು ಛತ್ರ ಇದೆ. ಮುಂದಿನ ಗೇಟು ಈ ರಸ್ತೆಗೆ, ಹಿಂದಿನ ಗೇಟು ಆ ರಸ್ತೆಗೆ. ಒಳಗೆ ಹೋಗಿ ಹೊರಗೆ ಬಂದರೆ ಮುಗೀತು. ವಾಚ್‌ಮನ್ ನಮ್ಮೋನೇ.”

ಒಳ್ಳೆಯ ಮುಹೂರ್ತದ ದಿನ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಬಾಳೆಕಂಬ ಕಂಡಾಗ ಕಾರಿನ ಮೂತಿ ಆಗಲೇ ಗೇಟಿನೊಳಗಿತ್ತು. ಹಿಂದೆ ಇನ್ನೆರಡು ಕಾರು ಬಂದು ನಿಂತವು. ಹಿಂಬದಿಯ ಗೇಟಿಗೆ ಅಡುಗೆಯವರ ಟೆಂಪೊ ಅಡ್ಡ, ಹಂಡೆಗಳು ಇಳಿಯುತ್ತಿದ್ದವು. ಲಂಗದಾವಣಿಯ ಹುಡುಗಿಯೊಬ್ಬಳು ಕಿಟಕಿಯಿಂದಲೇ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಟ್ಟಳು. ಜರಿ ಪಂಚೆಯವರೊಬ್ಬರು ಓಡಿಬಂದು ಬಾಗಿಲು ತೆಗೆದು, “ಬನ್ನಿ ಬನ್ನಿ, ಯಾಕಿಷ್ಟು ತಡ? ತಾವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?” ಎಂದರು.

“ನಮಗೆ ಎರಡು ಕಡೆಯೂ ಬೇಕು” ಎಂದರು ರಾಯರು. ಅವರು ಹೇಳಿದ್ದು ಗೇಟಿನ ಮಾತು. ಜರಿ ಪಂಚೆಯವರಿಗೆ ಎಷ್ಟು ಸಂತೋಷವಾಯಿತೆಂದರೆ ನಮ್ಮಿಬ್ಬರ ಕೈ ಹಿಡಿದು ಊಟದ ಮನೆಗೇ ಕರೆದುಕೊಂಡು ಹೋದರು.

ಟೆಂಪೊ ಕದಲುವ ತನಕ ಏನು ಮಾಡುವುದು? ಎಲೆಯ ಮೇಲೆ ಇಡ್ಲಿ ಬಂತು, ಖಾರಾಬಾತ್ ಬಂತು. ಇಷ್ಟೆಲ್ಲ ದೂರುವ ನಾನು ಕೇಸರಿಬಾತನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ತಿಂದ ಮೇಲೆ ಸುಮ್ಮನೆ ಎದ್ದು ಬರಲು ಮನಸ್ಸು ಒಪ್ಪದೆ 101 ರೂಪಾಯಿ ಮುಯ್ಯಿ ಮಾಡಿ, ಅಕ್ಷತೆ ಹಾಕಿ, ತಾಂಬೂಲದ ಚೀಲ ಹಿಡಿದು ಹೊರಟೆವು. ಆಫೀಸು ಮುಟ್ಟಿದಾಗ ಹತ್ತೂ ಐವತ್ತು. ನಮ್ಮ ಜೊತೆಗೇ ಹೊರಟು ಬಸ್ಸಿನಲ್ಲಿ ನೇರ ಬಂದ ಹುಡುಗ ಒಂಬತ್ತೂವರೆಗೇ ಬಂದು, ನನ್ನ ಪರವಾಗಿ ಮಾತಾಡಿ, ಚಪ್ಪಾಳೆಯನ್ನೂ ಗಿಟ್ಟಿಸಿದ್ದ. ಕ್ಷಮೆ ಕೇಳಲು ಬಾಗಿದೆ. ತಲೆಯಿಂದ ಅರಿಶಿನದ ಅಕ್ಕಿಕಾಳು ಮೇಜಿನ ಮೇಲೆ ಉದುರಿತು. ಮುಂಬಯಿಯ ದೊಡ್ಡವರು ಕಾಳನ್ನು ನೋಡಿ, ತೆಂಗಿನಕಾಯಿಯ ಚೀಲ ನೋಡಿ, ನನ್ನ ನರೆಗೂದಲು ನೋಡಿ, ಎದ್ದು ನಿಂತು ಕೈಕುಲುಕಿ ಶುಭಾಶಯ ಹೇಳಿದರು.

ಸಂಜೆ ರಾಯರ ತೀರ್ಪು: “ದಾರಿ ಸರಿಯಾಗೇ ಇತ್ತು ಸ್ವಾಮಿ. ಮುಹೂರ್ತ ಅಡ್ಡ ಬಂತು.”

ಫೋನಿನ ನಕ್ಷೆಯಲ್ಲಿ ದಾರಿ ಹೇಳುವ ಹೆಂಗಸಿಗೂ ಅವರಿಗೂ ಆಗಿಬರುವುದಿಲ್ಲ. ಆಕೆಯನ್ನು ಆಯಮ್ಮ ಎನ್ನುತ್ತಾರೆ. ಅವಳು ಬಲಕ್ಕೆ ಎಂದರೆ ಎಡಕ್ಕೆ ತಿರುಗಿಸಿ, “ಸಂಜೆ ಆರಕ್ಕೆ ಅಲ್ಲಿ ಹಸು ಕರೀತಾರೆ, ಆಯಮ್ಮಂಗೇನು ಗೊತ್ತು?” ಎಂದು ನನ್ನ ಕಡೆ ನೋಡುವರು. ಹೋಗುಹೋಗುತ್ತ ಆಯಮ್ಮನೂ ಕಲಿತಳು. ರಾಯರೊಬ್ಬರಿಗೇ ಗೊತ್ತಿದ್ದ ಓಣಿಗಳನ್ನು ಊರಿಗೆಲ್ಲ ತೋರಿಸತೊಡಗಿದಳು. ಎರಡು ಸ್ಕೂಟರು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಸಂದಿಯಲ್ಲಿ ಒಂದು ಬೆಳಗ್ಗೆ ಹನ್ನೊಂದು ಕಾರು ನಿಂತಿದ್ದವು. ರಾಯರು ಎಣಿಸಿದರು. ಹಾರನ್ ಹೊಡೆಯಲಿಲ್ಲ. “ಮನೆ ಬಾವಿಗೆ ಊರೋರೆಲ್ಲ ಬಿಂದಿಗೆ ತಂದಂಗಾಯ್ತು” ಎಂದಷ್ಟೇ ಹೇಳಿದರು. ಅವತ್ತು ಸಹಸ್ರನಾಮವೂ ಇರಲಿಲ್ಲ.

ಆ ಓಣಿಗಳ ಮೇಲೆ ಅವರಿಗಿದ್ದದ್ದು ಬರೀ ವೇಗದ ಆಸೆಯಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಬಿಟಿಎಂ ಎಂದು ನಾವು ಇಂಗ್ಲಿಷಿನಲ್ಲಿ ಮುದುರಿಟ್ಟದ್ದನ್ನು ಅವರು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಬಿಡಿಸಿಯೇ ಹೇಳುತ್ತಾರೆ. “ಲೇಔಟಿನ ರಸ್ತೆ ಸ್ಕೇಲ್ ಇಟ್ಟು ಎಳೆದದ್ದು, ಮೇನು, ಕ್ರಾಸು. ಹಳ್ಳಿ ರಸ್ತೆ ಎತ್ತಿನ ಗಾಡಿ ಎಳೆದದ್ದು. ಕೆರೆ ಏರಿ ಬಂದ ಕಡೆ ಬಾಗುತ್ತೆ, ಕಾಲುವೆ ಬಂದ ಕಡೆ ನೆಗೆಯುತ್ತೆ. ಚಿಕ್ಕನಹಳ್ಳಿಯ ಹಿಂದೆ ಕೋಡಿ ಅಂತ ಸುಮ್ಮನೆ ಸೇರಿಸಿದ್ರಾ? ಕೆರೆ ತುಂಬಿ ಹರೀತಿದ್ದ ಜಾಗ ಅದು. ಮಳೆ ಬಂದಾಗ ಇಲ್ಲಿ ನೀರು ನಿಲ್ಲುತ್ತೆ ಅಂತ ಬೈಕೋತೀರಲ್ಲ, ನೀರು ಅದರ ಮನೆಗೆ ಅದು ಬರುತ್ತೆ.” ಇದನ್ನೆಲ್ಲ ಕೇಳುತ್ತ ಕೂತರೆ ಆಫೀಸಿಗೆ ತಡವಾಗುತ್ತಿರುವುದು ಮರೆತುಹೋಗುತ್ತದೆ. ಅದೂ ಅವರ ಉಪಾಯವೇ ಇರಬಹುದು.

ಒಂದು ತಿರುವಿನಲ್ಲಿ ಹೆಂಚಿನ ಮನೆಯಿತ್ತು, ಜಗಲಿಯ ಮೇಲೆ ಒಬ್ಬ ಅಜ್ಜಿ ಕೂತಿರುತ್ತಿದ್ದರು. ರಾಯರು ದಿನಾ ಅಲ್ಲಿ ಎರಡು ಸಲ ಮೆತ್ತಗೆ ಹಾರನ್ ಒತ್ತುವರು, ಅಜ್ಜಿ ಕೈ ಎತ್ತುವರು. ನೆಂಟರಾ ಎಂದು ಕೇಳಿದೆ. ಅಲ್ಲವಂತೆ, ಹೆಸರೂ ಗೊತ್ತಿಲ್ಲವಂತೆ. ಒಂದು ಸೋಮವಾರ ಜಗಲಿ ಖಾಲಿಯಿತ್ತು. ವಾರವಿಡೀ ಖಾಲಿಯೇ. ಮುಂದಿನ ವಾರ ರಾಯರು ಆ ತಿರುವು ಬರುವ ಮೊದಲೇ ಬಲಕ್ಕೆ ಹೊರಳಿದರು. ಅದು ಎಷ್ಟೋ ಸುತ್ತು, ಆರು ಹಂಪು ಬೇರೆ. ನಾನು ಏನೂ ಹೇಳಲಿಲ್ಲ.

ಅವರಿಗೆ ಜ್ವರ ಬಂದು ನಾಲ್ಕು ದಿನ ಮಲಗಿದಾಗ ನಾನು ಆಟೊ ಹಿಡಿದೆ. ಇನ್ನು ನೇರ ದಾರಿ, ಸುಖ ಎಂದುಕೊಂಡು ಕೂತವನಿಗೆ ಜಯದೇವದ ಬಳಿ ಏನಾಯಿತೋ, “ಅಣ್ಣಾ, ಎಡಕ್ಕೆ ತಗೊಳ್ಳೋಣ್ವಾ?” ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು. ಮುಕ್ಕಾಲು ಗಂಟೆ ತಿರುಗಿ ಒಬ್ಬರ ಕಾರ್ ಶೆಡ್ಡಿನೊಳಗೆ ನಿಂತೆವು. ಆಟೊದವನು ಮೀಟರಿನ ಮೇಲೆ ನಲವತ್ತು ಕೇಳಿದ. ಐವತ್ತು ಕೊಟ್ಟು, ರಾಯರಿಗೆ ಮಾತ್ರ ಈ ವಿಷಯ ಮುಟ್ಟದಿರಲಿ ಎಂದು ರಾಗಿಗುಡ್ಡದ ಆಂಜನೇಯನಿಗೆ ಹರಕೆ ಹೊತ್ತೆ.

2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ಎರಡಂತಸ್ತಿನ ಮೇಲ್ಸೇತುವೆಯ ಒಂದು ಬದಿ ತೆರೆಯಿತು. ಮೇಲಿನ ಅಂತಸ್ತು ರೈಲಿಗೆ, ಕೆಳಗಿನದು ಕಾರಿಗೆ. ರಾಯರು ಒಮ್ಮೆ ಅದರ ಮೇಲೆ ಹೋಗಿ, “ಚೆನ್ನಾಗಿದೆ, ಚೆನ್ನಾಗಿದೆ” ಎಂದರು, ಬೀಗರ ಮನೆಯ ಅಡುಗೆಗೆ ಹೇಳುವ ಹಾಗೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವೂ ಶುರುವಾಯಿತು. ಹದಿನಾರು ನಿಲ್ದಾಣ, ಆಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಮೊದಲ ವಾರವೇ ರಾಯರನ್ನು ಎಳೆದುಕೊಂಡು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಅವರು ಚಡಪಡಿಸಿದ್ದು ಕಾಯುವುದಕ್ಕಲ್ಲ. ಹಳಿ ಒಂದೇ, ಎಡವೂ ಇಲ್ಲ ಬಲವೂ ಇಲ್ಲ. ರೈಲಿನಲ್ಲಿ ಜಾಗ ಸಿಕ್ಕರೂ ಕೂರದೆ ಕಂಬಿ ಹಿಡಿದು ಕಿಟಕಿಗೆ ಹಣೆ ಆನಿಸಿ ನಿಂತರು. ಜಯದೇವ ಬಂತು, ಬಿಟಿಎಂ ಬಂತು. ಸಿಲ್ಕ್ ಬೋರ್ಡ್ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಆಯುಷ್ಯದ ಎಷ್ಟೋ ಭಾಗವನ್ನು ನುಂಗಿದ ಜಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿಯಿತು. ರಾಯರು ಮಾತಿಲ್ಲ. ನನಗೆ ಯಾಕೋ ಪಿಚ್ಚೆನಿಸಿತು. ಏನಾದರೂ ಕೇಳಿ ಮಾತಿಗೆಳೆಯೋಣ ಎನ್ನುವಷ್ಟರಲ್ಲಿ, ಬೊಮ್ಮನಹಳ್ಳಿ ದಾಟುತ್ತಿದ್ದಂತೆ ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು.

“ಅಗೋ, ಆ ನೀರಿನ ಟ್ಯಾಂಕಿನ ಹಿಂದೆ! ನಮ್ಮ ಛತ್ರದ ಹಿಂದಿನ ರಸ್ತೆ ಅಲ್ಲಿಗೆ ಬಂದು ಸೇರುತ್ತಾ? ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಸ್ವಾಮಿ! ಮೇಲಿಂದ ನೋಡದೆ ಹೆಂಗೆ ಗೊತ್ತಾಗಬೇಕು!” ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ರಾಯರು ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ನಕ್ಷೆ ಬರೆಯುತ್ತಿದ್ದರು. “ನಾಳೆ ಕಾರು ತರ್ತೀನಿ. ಏಳೂಕಾಲಿಗೆ ರೆಡಿ ಇರಿ.”

ಮನೆಯಲ್ಲಿ ಹೆಂಡತಿ, “ಮೆಟ್ರೊ ಬಂತಲ್ಲ, ಇನ್ನೂ ಆ ಮನುಷ್ಯನ ಜೊತೆ ಯಾಕೆ?” ಎಂದಳು. ಸರಿಯಾದ ಮಾತು. ನಾನೂ ಹಾಗೇ ಹೇಳಿದೆ. ಮರುದಿನ ಏಳೂ ಹತ್ತಕ್ಕೆ ಗೇಟಿನ ಹತ್ತಿರ ನಿಂತಿದ್ದೆ. ಕೈಯಲ್ಲಿ ಊಟದ ಡಬ್ಬಿ ಹಾಕಿದ್ದ ಆ ತಾಂಬೂಲದ ಚೀಲ. ಅದರ ಮೇಲಿನ ವಧೂವರರ ಹೆಸರು ಒಗೆದು ಒಗೆದು ಅರ್ಧ ಅಳಿಸಿದೆ, ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.