ಲಂಗರಿಗೊಂದು ತಾವು

ಸಮುದ್ರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ದರ್ಶನಮಾಡಿದ ಸಜ್ಜನರ ಕಲ್ಪನೆಯಲ್ಲಿ, ಸಣ್ಣದೊಂದು ಹಾಯಿದೋಣಿಯು ಇರುಳು ಕಳೆಯಲು ತಕ್ಕ ತಾಣವೆಂದರೆ, ತಳದ ಬಂಡೆಗಳೂ ಮೀನುಗಳೂ ನಿಚ್ಚಳವಾಗಿ ಕಾಣುವಷ್ಟು ತಿಳಿಯಾದ ನೀರು, ಅದರಾಚೆಗೆ ಬೆಳ್ಳನೆಯ ಮರಳದಂಡೆ, ದಂಡೆಯ ಮೇಲೆ ಬಾಗಿ ನಿಂತ ತೆಂಗು, ಗರಿಗಳ ನಡುವೆ ಹುಣ್ಣಿಮೆಯ ಚಂದ್ರ, ಇಷ್ಟು ಕೂಡಿದರೆ ಸಾಕು. ಈ ಚಿತ್ರದಲ್ಲಿ ನನಗೆ ಕಾಣುವ ದೋಷ ಒಂದೇ: ಅದರಲ್ಲಿ ಮಲಗಬೇಕಾದ ಮನುಷ್ಯನಿಗೆ ಎಡೆಯಿಲ್ಲ. ಮಳೆಗಾಲ ಕಳೆದು ಕಡಲು ಪಳಗಿದ ಮೇಲೆ ಕಾರವಾರದಿಂದ ಗಂಗೊಳ್ಳಿಯವರೆಗೆ ದಡದ ಅಂಚು ಹಿಡಿದು ತೇಲಿಕೊಂಡು ಹೋಗುವ ಹವ್ಯಾಸವುಳ್ಳ ಮಿತ್ರರೊಬ್ಬರ ದೋಣಿಯಲ್ಲಿ, ಅತಿಥಿಯೆಂಬ ಹೆಸರಿನಿಂದ ಅಡುಗೆಯವನಾಗಿಯೂ ಹಗ್ಗ ಹಿಡಿಯುವವನಾಗಿಯೂ ಸೇವೆ ಸಲ್ಲಿಸುತ್ತ ಬಂದಿರುವ ನಾನು, ಈ ವಿಷಯವನ್ನು ಸೌಂದರ್ಯಮೀಮಾಂಸೆಯ ದೃಷ್ಟಿಯಿಂದಲ್ಲದೆ ಶುದ್ಧ ನಿದ್ರೆಯ ದೃಷ್ಟಿಯಿಂದಲೇ ವಿಚಾರಿಸಬೇಕೆಂಬ ಪಕ್ಷದವನು. ಹಾಗೆ ನೋಡಿದರೆ ತಾಣದ ಚೆಲುವಿಗೂ ಅಲ್ಲಿ ಬರುವ ನಿದ್ದೆಗೂ ಎಣ್ಣೆ ಸೀಗೆಯ ಸಂಬಂಧ.

ನಿದ್ದೆಯ ಮೂಲ ಕೆಸರಿನಲ್ಲಿದೆ. ಕವಿಗಳು ಕೆಸರನ್ನು ಹೊಗಳಿದ್ದು ಕಮಲದ ದೆಸೆಯಿಂದ ಮಾತ್ರವಾದರೂ, ನಾವಿಕನು ಅದನ್ನು ಕೆಸರೆಂಬ ಕಾರಣಕ್ಕಾಗಿಯೇ ಪ್ರೀತಿಸುತ್ತಾನೆ. ಏಕೆಂದರೆ ಲಂಗರಿನ ಮೊನೆ ಆಳಕ್ಕಿಳಿದು ನೆಲವನ್ನು ಕಚ್ಚುವುದು ಕೆಸರಿನಲ್ಲಿ, ತಪ್ಪಿದರೆ ಗಟ್ಟಿ ಮರಳಿನಲ್ಲಿ. ಬಂಡೆಯ ಮೇಲೆ ಅದು ಜಾರುತ್ತದೆ, ಇಲ್ಲವೆ ಸಂದಿನಲ್ಲಿ ಸಿಕ್ಕಿಕೊಂಡು ಜನ್ಮಾಂತರದ ಋಣಾನುಬಂಧವನ್ನು ಸ್ಥಾಪಿಸುತ್ತದೆ. ಕಡಲಪಾಚಿಯ ಮೇಲಾದರೆ ಹಿಡಿದಂತೆ ನಟಿಸಿ ನಡುರಾತ್ರಿ ಕೈಬಿಡುತ್ತದೆ. ಹಿಂದಿನವರು ಆಳ ಅಳೆಯುವ ಸೀಸದ ಗುಂಡಿನ ತಳದ ಕುಳಿಗೆ ಕೊಬ್ಬನ್ನು ಮೆತ್ತಿ ಇಳಿಬಿಟ್ಟು, ಅದಕ್ಕೆ ಅಂಟಿಬಂದ ಮಣ್ಣನ್ನು ಕಂಡು ತಳದ ಜಾತಿಯನ್ನು ನಿರ್ಣಯಿಸುತ್ತಿದ್ದರು. ನಮ್ಮ ದೋಣಿಯ ಲಂಗರು ನೇಗಿಲಿನ ಆಕಾರದ್ದು. ದ್ರವಗಳ ಚಲನೆಯನ್ನು ಕುರಿತ ಗಣಿತದಲ್ಲಿ ಜಗದ್ವಿಖ್ಯಾತರಾದ ಕೇಂಬ್ರಿಜಿನ ಜಿ. ಐ. ಟೇಲರ್ ಎಂಬ ವಿಜ್ಞಾನಿಗಳು, ತಾವೂ ಹಾಯಿದೋಣಿಯ ಹುಚ್ಚಿನವರಾದುದರಿಂದ, 1933ರ ಸುಮಾರಿಗೆ ಈ ಮಾದರಿಯನ್ನು ಕಲ್ಪಿಸಿದರು. ಕಡಲತಳವನ್ನು ಉಳುವುದಕ್ಕೆ ಹೊರಟು, ಉಳುತ್ತ ಉಳುತ್ತ ಹೂತುಹೋಗಿ, ಕೊನೆಗೆ ಅಲ್ಲಾಡದೆ ನಿಲ್ಲುವ ನೇಗಿಲಿದು. ಯಮುನೆಯನ್ನು ನೇಗಿಲಿನಿಂದ ಎಳೆದು ತಂದ ಬಲರಾಮನು ಇದನ್ನು ಕಂಡಿದ್ದರೆ ಅಷ್ಟೇನೂ ಮೆಚ್ಚುತ್ತಿರಲಿಲ್ಲ.

ಆದರೆ ಕೆಸರಿದ್ದ ಮಾತ್ರಕ್ಕೆ ಆಗಲಿಲ್ಲ. ಲಂಗರು ನೆಲಕ್ಕೆ ಅಡ್ಡಲಾಗಿ ಎಳೆಯಲ್ಪಟ್ಟರಷ್ಟೇ ಕಚ್ಚುವುದು, ಮೇಲಕ್ಕೆ ಎಳೆದರೆ ಕಿತ್ತು ಬರುವುದು. ಆದುದರಿಂದ ಸರಪಳಿಯನ್ನು ಧಾರಾಳವಾಗಿ ಬಿಡತಕ್ಕುದು. ಇಳಿತದ ಹೊತ್ತಿನಲ್ಲಿ 4 ಮೀಟರು ನೀರು, ಅದರ ಮೇಲೆ ಭರತದ 2 ಮೀಟರು, ನೀರಿನಿಂದ ದೋಣಿಯ ಮೂತಿಗೆ ಇನ್ನೊಂದು ಮೀಟರು, ಒಟ್ಟು 7. ಅದರ ಐದರಷ್ಟು, ಎಂದರೆ 35 ಮೀಟರು ಸರಪಳಿ. ಬರಿಯ ಹಗ್ಗವಾದರೆ ಏಳರಷ್ಟು ಬೇಕೆಂಬುದು ಶಿಷ್ಟರ ಮತ. ಈ ಲೆಕ್ಕವನ್ನು ಮಿತ್ರರು ಪ್ರತಿ ಸಂಜೆಯೂ ಮಂತ್ರದಂತೆ ಉಚ್ಚರಿಸುತ್ತಾರೆ. ಇದರ ಪರಿಣಾಮವಾಗಿ, ನಮ್ಮ ಪುಟ್ಟ ದೋಣಿಗೆ ಗಾಳಿ ತಿರುಗಿದಂತೆಲ್ಲ ತಿರುಗಲು ದೊಡ್ಡದೊಂದು ವೃತ್ತದಷ್ಟು ನೀರು ಬೇಕಾಗುತ್ತದೆ. ಮತ್ತು ಕೊಲ್ಲಿಯು ಹರದಾರಿಯಗಲ ಬರಿದಾಗಿ ಬಿದ್ದಿದ್ದರೂ, ಮಗ್ಗುಲಲ್ಲಿ ಜನವಿದ್ದರೆ ಧೈರ್ಯವೆಂದು ಭಾವಿಸುವ ಯಾವನೋ ಒಬ್ಬ ಪುಣ್ಯಾತ್ಮನು, ಕತ್ತಲಾಗುವ ಹೊತ್ತಿಗೆ ಸರಿಯಾಗಿ ಬಂದು, ಆ ವೃತ್ತದ ಒಳಗೇ ತನ್ನ ಲಂಗರನ್ನು ಕೆಡಹುತ್ತಾನೆ. ಆತನ ಹಗ್ಗ ಮೊಳವೆಣಿಸಿ ಬಿಟ್ಟದ್ದು, ಆತನ ದೀಪಕ್ಕೆ ಎಣ್ಣೆಯಿಲ್ಲ, ಆತನ ರೇಡಿಯೋ ಮಾತ್ರ ಸುಸ್ಥಿತಿಯಲ್ಲಿರುತ್ತದೆ.

ಗಾಳಿಯ ವಿಚಾರಕ್ಕೆ ಬಂದರೆ ನಮ್ಮ ಕರಾವಳಿಯ ಒಳ್ಳೆಯ ಋತುವು ಬಹಳ ಮಟ್ಟಿಗೆ ಮರ್ಯಾದಸ್ಥವಾದುದು. ನಡುಹಗಲಿಗೆ ವಾಯವ್ಯದಿಂದ ಕಡಲಗಾಳಿ ಎದ್ದು, ಸಂಜೆಗೆ ಅಡಗಿ, ಇರುಳಿನಲ್ಲಿ ಘಟ್ಟದ ಕಡೆಯಿಂದ ತಣ್ಣನೆಯ ನೆಲಗಾಳಿ ಇಳಿಯುತ್ತದೆ. ಮಲಗುವಾಗ ಒಂದು ಕಡೆಗಿದ್ದ ದೋಣಿಯ ತಲೆ ಏಳುವಾಗ ಇನ್ನೊಂದು ಕಡೆಗಿರುತ್ತದೆ. ಬೆಟ್ಟದ ಮರೆಯೆಂದರೆ ಗಾಳಿಯ ಮರೆಯೆಂದು ನಂಬಬಾರದು. ಕಡಿದಾದ ಬೆಟ್ಟವು ಗಾಳಿಯನ್ನು ತಡೆಯುವಂತೆ ತೋರಿ, ತಲೆಯ ಮೇಲಿಂದ ಕೊಡಕೊಡವಾಗಿ ಸುರಿಯುವುದುಂಟು. 1895ರಿಂದ 1898ರವರೆಗೆ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿದ ಜಾಶುವಾ ಸ್ಲೋಕಮನು ಮೆಗೆಲ್ಲನ್ ಜಲಸಂಧಿಯಲ್ಲಿ ಇಂಥ ಗಾಳಿಯ ಹೊಡೆತಗಳನ್ನು ಬೇಕಾದಷ್ಟು ತಿಂದನು. ಅಲ್ಲಿ ಆತನಿಗೆ ದಡದ ಜನರ ಭಯವೂ ಇದ್ದುದರಿಂದ, ಮಲಗುವ ಮುನ್ನ ದೋಣಿಯ ಮೇಲೆಲ್ಲ ಚೂಪು ಮೊಳೆಗಳನ್ನು ಹರಡಿ, ನಡುರಾತ್ರಿ ಬರಿಗಾಲಲ್ಲಿ ಹತ್ತಿದವರ ಆರ್ತನಾದವನ್ನು ಕೇಳಿ ಎಚ್ಚತ್ತನಂತೆ. ಮೊಳೆ ಹರಡಿ ಮಲಗಬೇಕಾದ ತಾಣವನ್ನು, ಅದೆಷ್ಟೇ ರಮಣೀಯವಾಗಿರಲಿ, ನಾನು ಆದರ್ಶವೆಂದು ಒಪ್ಪಲಾರೆ.

ದಡದ ಜನರಿಗೂ ಬಂದವರ ಭಯವಿರುವುದು ಸಹಜವೆಂಬುದಕ್ಕೆ ಕಾರವಾರದ ಅಂಜುದೀವವೇ ಸಾಕ್ಷಿ. ಮರೆಯೂ ಸಿಹಿನೀರೂ ಎರಡೂ ದೊರೆಯುವ ಆ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮನು ಹಡಗಿನ ಅಡಿ ತಿಕ್ಕಿಸಲು ನಿಂತಿದ್ದಾಗ, ಗೋವೆಯ ಕಡೆಯ ಒಬ್ಬನು ಮುಖತುಂಬ ಸ್ನೇಹ ಹೊತ್ತು ಮಾತನಾಡಿಸಲು ಬಂದನು. ಗೂಢಚಾರನೆಂದು ಅನುಮಾನಿಸಿ ಆತನನ್ನು ಹಿಡಿದು, ಹಿಂಸಿಸಿ, ಒಪ್ಪಿಸಿ, ಪೋರ್ಚುಗಲ್ಲಿಗೆ ಒಯ್ದು, ಗಾಸ್ಪಾರ್ ಡ ಗಾಮನೆಂದು ನಾಮಕರಣವನ್ನೂ ಮಾಡಿಸಿದರು. ನೆರೆದೋಣಿಯವರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಇಷ್ಟು ದೂರ ಹೋಗಲು ಮನಸ್ಸು ಬಂದಿಲ್ಲ. ಈಗ ಆ ದ್ವೀಪ ನೌಕಾಪಡೆಯ ವಶದಲ್ಲಿದೆ. ಒಳ್ಳೆಯ ತಾಣವನ್ನು ಗುರುತಿಸುವುದರಲ್ಲಿ ಸೈನ್ಯಗಳು ಎಂದೂ ತಪ್ಪಿದ್ದಿಲ್ಲ.

ಹಾಗಾದರೆ ನದಿಯೊಳಕ್ಕೆ ಹೊಕ್ಕುಬಿಡೋಣವೆಂದರೆ, ನಡುವೆ ಅಳಿವೆಯೆಂಬ ಸುಂಕದಕಟ್ಟೆಯಿದೆ. ಹೊನ್ನಾವರದ ಶರಾವತಿಗಾಗಲಿ ತದಡಿಯ ಅಘನಾಶಿನಿಗಾಗಲಿ, ಒಳಗೆ ಹೋದವನಿಗೆ ತೊಟ್ಟಿಲಿನ ಸುಖ. ಆದರೆ ಬಾಗಿಲಲ್ಲಿ ಮರಳದಿಣ್ಣೆ, ಅದರ ಮೇಲೆ ಒಡೆಯುವ ಅಲೆ. ಭರತದ ಹೊತ್ತು, ಹಗಲಿನ ಬೆಳಕು, ಕಡಲಿನ ಪ್ರಸನ್ನತೆ ಮೂರೂ ಕೂಡಿದರೆ ಪ್ರವೇಶ. ಎಂದರೆ, ಆಶ್ರಯ ಬೇಡವಾದಾಗ ತೆರೆದಿರುವ ಬಾಗಿಲು, ಬೇಕಾದಾಗ ಮುಚ್ಚಿರುತ್ತದೆ. ಬಿರುಗಾಳಿಯಲ್ಲಿ ಹೊಗಲಾಗದ ಬಂದರು ಎಷ್ಟು ಸುಭದ್ರವಾಗಿದ್ದರೇನು? ಈ ವಿಷಯದಲ್ಲಿ ಸರ್ವಶ್ರೇಷ್ಠವಾದ ವಿವೇಕವನ್ನು ತೋರಿದವರು ರವೀಂದ್ರನಾಥ ಠಾಕೂರರು. 1883ರಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದಾಗ, ಬೆಳದಿಂಗಳಿರುಳು ಕಾಳೀನದಿಯಲ್ಲಿ ದೋಣಿಯ ವಿಹಾರ ಮುಗಿಸಿ ಅಳಿವೆಗೆ ಬಂದವರು, ಅಲ್ಲಿಂದ ಮುಂದೆ ಕಡಲ ಮೇಲೆ ಸಾಗದೆ, ದೋಣಿಯಿಂದಿಳಿದು ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದರು.

ತದಡಿಯೊಳಗಿನ ಕೆಸರು ನನ್ನ ಮಟ್ಟಿಗೆ ಆದರ್ಶಕ್ಕೆ ಅತ್ಯಂತ ಸಮೀಪವಾದುದು. ಮೀನು ಒಣಗುವ ವಾಸನೆ ಮೂಗಿನ ಮೇಲೆ ವಿಧಿಸುವ ತೆರಿಗೆಯನ್ನು ಮೊದಲ ತಾಸಿನಲ್ಲಿಯೇ ಸಂದಾಯಮಾಡಿಬಿಟ್ಟರೆ, ಅನಂತರ ಇಡೀ ಇರುಳು ನಿಶ್ಚಿಂತೆ. ಊರು ಹತ್ತಿರವಿರಬೇಕು, ಬೆಳಗ್ಗೆ ಚಹಾ ಸಿಗುವಷ್ಟು. ದೂರವಿರಬೇಕು, ಮೇಳದ ಚೆಂಡೆ ಹಿತವಾಗಿ ಮಾತ್ರ ಕೇಳುವಷ್ಟು.

ಮಿತ್ರರು ಇದನ್ನು ಒಪ್ಪುವುದಿಲ್ಲ. ಅವರ ಕಣ್ಣು ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿಯ ಮೇಲೆ. ನೀರು ಸ್ಫಟಿಕ, ತಳದಲ್ಲಿ ಹವಳ, ದಡ ಕಡಿದಾದ ಬಂಡೆ. ಕ್ಯಾಲೆಂಡರಿಗೆ ಹೇಳಿ ಮಾಡಿಸಿದ್ದು. ಸಾಲದುದಕ್ಕೆ ನೌಕಾಪಡೆಯವರು ಗುರಿಯಭ್ಯಾಸಕ್ಕೆ ಬಳಸಿಕೊಂಡ ದ್ವೀಪವೆಂಬ ಖ್ಯಾತಿಯೂ ಅದಕ್ಕುಂಟು. ಅಲ್ಲಿ ಲಂಗರು ನಿಲ್ಲುವುದೇ ಎಂದು ಮಿತ್ರರು ಕೇಳಿದಾಗ, ಬಲೆ ಹೊಲಿಯುತ್ತಿದ್ದ ಮುದುಕನೊಬ್ಬನು ತಲೆಯೆತ್ತದೆ, “ಹಾಕೂಕೆ ಅಡ್ಡಿಲ್ಲ ಒಡೆಯಾ, ತೆಗೂಕೆ ಆಗೂದಿಲ್ಲ” ಎಂದನು. ಅದನ್ನು ಕೇಳಿದ ಮೇಲೂ ಅವರು ನಕ್ಷೆಯಲ್ಲಿ ಅದರ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆಯೆಳೆದಿರುವುದರಿಂದ, ಹಗಲು ಹೋಗಿ, ಬುತ್ತಿಯುಂಡು, ಮೂರು ಗಂಟೆಗೆ ಮುಂಚೆ ಹೊರಡತಕ್ಕುದೆಂಬ ಷರತ್ತಿನ ಮೇಲೆ ನಾನು ಸಮ್ಮತಿಸಿದ್ದೇನೆ; ಅಷ್ಟು ಹೊತ್ತು ಲಂಗರು ಇಳಿಸದೆಯೇ ದೋಣಿಯನ್ನು ಸುತ್ತಿಸುತ್ತಿರುವ ಹೊಣೆ ಅವರದು, ಊಟ ನನ್ನದು.